ಗೇಟಿನ ಹತ್ತಿರದ ಹಾರ್ನು

ಆ ಹಾರ್ನು ಕೇಳಿದ ಕೂಡಲೇ ನಮ್ಮವರು ಗಿರಣಿಯ ಸ್ವಿಚ್ಚು ಆರಿಸಿಬಿಡುತ್ತಿದ್ದರು. ಹಿಟ್ಟು ಅರ್ಧ ಬೀಸಿರಲಿ, ಮುಗಿಯುತ್ತ ಬಂದಿರಲಿ, ಎದುರಿಗೆ ಯಾರೇ ಡಬ್ಬಿ ಹಿಡಿದು ನಿಂತಿರಲಿ, ಅವರಿಗೆ ಅದರ ಪರಿವೆಯೇ ಇಲ್ಲ. ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ, ಮೈಮೇಲಿನ ಹಿಟ್ಟು ಝಾಡಿಸಿ, ಹೊರಗೆ ಬಂದು ಕಟ್ಟೆಯ ಮೇಲೆ ಕೂತು ರೇಲ್ವೆ ಗೇಟಿನ ಕಡೆ ನೋಡುತ್ತಿದ್ದರು.

"ಯಾಕ್ರಿ ಕಾಕಾಸಾಹೇಬ, ಕರೆಂಟ ಹೋತೇನ್ರಿ?" ಎಂದು ಓಣಿಯ ಕೆಂಚವ್ವ ಕೇಳಿದರೂ ಅವರು ಗೇಟಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕೆಂಚವ್ವ ಸುಮ್ಮನಿರುವ ಹೆಂಗಸೂ ಅಲ್ಲ. "ಕರೆಂಟ ಐತೆಲ್ಲ, ಫ್ಯಾನ್ ತಿರಗಾಕತ್ತೈತಿ! ಏ ತಾರಕ್ಕ, ಬಾ ಇಲ್ಲಿ, ನಿನ್ನ ಗಂಡ ಮತ್ತ ಗಿರಣಿ ಬಂದ ಮಾಡಿ ಕುಂತಾನ ನೋಡು!" ಎಂದು ಇಡೀ ಶೇಡಬಾಳಕ್ಕೆ ಕೇಳುವ ಹಾಗೆ ಕೂಗುತ್ತಿದ್ದಳು. ನಾನು ಒಳಗಿನಿಂದ ಬಂದು ಸ್ವಿಚ್ಚು ಹಾಕಿ, ಅವಳ ಜೋಳ ನಾನೇ ಬೀಸಿ ಕೊಟ್ಟು, ಅವಳ ಬಾಯಿಗೆ ನಾಲ್ಕು ಮಾತು ಕೊಟ್ಟು ಕಳಿಸಬೇಕಾಗುತ್ತಿತ್ತು. ಹೊರಗೆ ಬಂದರೆ ಇವರು ಕಟ್ಟೆಯ ಮೇಲಿಂದ ನನ್ನ ಕಡೆ ತಿರುಗಿ ಕೇಳುತ್ತಿದ್ದ ಮಾತು ಒಂದೇ.

"ತಾರಾ, ಹಂಚ ಇಟ್ಟೇನ? ಬಂದೆ ನೋಡು."

ಮೊದಮೊದಲು ನಾನು 'ಬಂದ ನೋಡು' ಎಂದು ಕೇಳಿಸಿಕೊಂಡಿದ್ದೆ. ಬರುತ್ತಿದ್ದವನು ನಿತಿನ. ಇವರ ಹತ್ತಿರ ಕ್ಲೀನರನಾಗಿ ಸೇರಿ ಕೆಲಸ ಕಲಿತವನು, ಈಗ ಎರಡು ಮಕ್ಕಳ ತಂದೆ. ಇವರು ಮಾರಿದ ಲಾರಿಯನ್ನೇ ಈಗ ಅವನು ಓಡಿಸುತ್ತಿದ್ದ. ಹಾಗಾಗಿ ನಿತಿನ ಬಂದ ಎನ್ನುತ್ತಿರಬೇಕು ಎಂದುಕೊಂಡೆ. ಒಂದು ದಿನ ಹತ್ತಿರವೇ ಕೂತಿದ್ದಾಗ ಸರಿಯಾಗಿ ಕೇಳಿಸಿತು. ಬಂದ ಅಲ್ಲ, ಬಂದೆ. ಕಟ್ಟೆಯ ಮೇಲೆ ಕೂತ ಮನುಷ್ಯ, ಗೇಟಿನ ಆಚೆಯಿಂದ ತಾನೇ ಬರುತ್ತಿದ್ದೇನೆ ಎನ್ನುತ್ತಿದ್ದ.

ಆ ಹಾರ್ನಿನ ಕತೆ ಹೇಳದೆ ಇದು ತಿಳಿಯುವುದಿಲ್ಲ. ನಮ್ಮ ಒಬ್ಬಳೇ ಮಗಳು ತ್ರಿಶಲಾ, ಅವಳಪ್ಪನ ಬಾಯಲ್ಲಿ ಯಾವಾಗಲೂ 'ಬಾಳಾ', ಇನ್ನೂ ಮೂರನೇ ಇಯತ್ತೆಯಲ್ಲಿದ್ದಾಗ ಅವಳಪ್ಪ ಅವಳನ್ನು ಕ್ಯಾಬಿನ್ನಿನಲ್ಲಿ ಕೂಡಿಸಿಕೊಂಡು ಕೊಲ್ಹಾಪುರಕ್ಕೆ ಹೋಗಿದ್ದರು. ಲಾರಿಗೆ ಹೊಸ ಹಾರ್ನು ಹಾಕಿಸಬೇಕಿತ್ತು. ಅಂಗಡಿಯವನು ಒಂದೊಂದೇ ಊದಿಸಿ ತೋರಿಸಿದರೆ ಇವಳು ಎರಡೂ ಕಿವಿ ಮುಚ್ಚಿಕೊಂಡು "ಶೀ" "ಶೀ" ಎನ್ನುತ್ತ ಬಂದಳಂತೆ. ಕಡೆಗೆ ಮೂರು ತುತ್ತೂರಿಯ ಒಂದನ್ನು ಊದಿಸಿದಾಗ ಕೈ ತೆಗೆದು ನಕ್ಕಳಂತೆ. "ಪಪ್ಪಾ, ಇದ! ನೀ ಬಂದದ್ದು ಎಲ್ಲಾರಕಿಂತ ಮೊದಲ ನನಗ ಗೊತ್ತಾಗಬೇಕು."

ಅಂದಿನಿಂದ ಅದೇ ಪದ್ಧತಿ. ಅಥಣಿ, ಕಾಗವಾಡದ ಒಣದ್ರಾಕ್ಷಿ ಬೇದಾಣೆ ಹೇರಿಕೊಂಡು ದಿಲ್ಲಿಗೆ ಹೋದವರು ಎಂಟು ಹತ್ತು ದಿನಕ್ಕೆ ತಿರುಗಿ ಬರುತ್ತಿದ್ದರು. ರೇಲ್ವೆ ಗೇಟಿನ ಹತ್ತಿರ ಬಂದು ಉದ್ದಕ್ಕೆ ಒಂದು, ಗಿಡ್ಡ ಎರಡು ಹಾರ್ನು ಹೊಡೆದರೆ ನಾನು ಒಲೆಯ ಮೇಲೆ ಹಂಚಿಡಬೇಕು, ಮಗಳು ತಂಬಿಗೆಯಲ್ಲಿ ನೀರು ತುಂಬಿ ಕಟ್ಟೆಯ ಮೇಲಿಡಬೇಕು. ಲಾರಿ ನಿಲ್ಲಿಸಿ, ಕಾಲು ತೊಳೆದು ಅವರು ಒಳಗೆ ಬರುವಷ್ಟರಲ್ಲಿ ಮೊದಲ ಭಕ್ರಿ ತಾಟಿಗೆ ಬೀಳುತ್ತಿತ್ತು. ಮಗಳು ಅಥಣಿಯಲ್ಲಿ ಬಿ.ಎಸ್ಸಿ. ಓದಲು ಹೋಗತೊಡಗಿದ ಮೇಲೂ ಇದು ತಪ್ಪಲಿಲ್ಲ. ಬೆಳೆದ ಹುಡುಗಿ, ಗೆಳತಿಯರು ಬಂದಿದ್ದರೆ ನಾಚಿಕೊಳ್ಳುತ್ತಿದ್ದಳು, ಆದರೂ ತಂಬಿಗೆ ಹಿಡಿದು ಓಡುತ್ತಿದ್ದಳು. "ಅವ್ವಾ, ನಿನಕಿಂತ ಮೊದಲ ಕೇಳ್ದೆ" ಎಂದು ನನ್ನನ್ನು ಕೆಣಕುತ್ತಿದ್ದಳು.

ಮಳೆಗಾಲ ಮುಗಿಯುವಾಗ ಅವಳಿಗೆ ಡೆಂಗ್ಯೂ ಬಂತು. ಮಿರಜಕ್ಕೆ ಒಯ್ದೆವು, ರಕ್ತ ಏರಿಸಿದರು, ಯಾರೂ ಏನೂ ಕಡಿಮೆ ಮಾಡಲಿಲ್ಲ. ಒಂದು ಮುಂಜಾನೆ ಹೋಗಿಬಿಟ್ಟಳು. ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದೆವು. ಇವರು ಆಗ ದಿಲ್ಲಿಯಿಂದ ತಿರುಗಿ ಪುಣೆ ಹತ್ತಿರ ಬರುತ್ತಿದ್ದರು. ಮಗಳಿಗೆ ಜ್ವರ ಎಂದಷ್ಟೇ ಅವರಿಗೆ ಗೊತ್ತಿತ್ತು.

ಫೋನು ಬಂತು. ನಮ್ಮ ಭಾವ ಜಿನೇಂದ್ರ ಕೈಗೆ ತೆಗೆದುಕೊಂಡವರು, ಹೆಸರು ನೋಡಿ ನನ್ನ ಕೈಗೆ ಕೊಟ್ಟರು. ಡ್ರೈವರನ ಮನೆಯಲ್ಲಿ ಒಂದು ನೇಮವಿರುತ್ತದೆ. ಗಾಡಿಯ ಮೇಲಿದ್ದವನಿಗೆ ಕೆಟ್ಟ ಸುದ್ದಿ ಹೇಳಬಾರದು. ನನ್ನ ಅತ್ತೆಯೂ ಡ್ರೈವರನ ಹೆಂಡತಿಯೇ. ನಾನು ಮದುವೆಯಾಗಿ ಬಂದ ವಾರದಲ್ಲೇ ಅವರು ನನಗೆ ಅದನ್ನು ಕಲಿಸಿದ್ದರು. ಅವರ ತವರಿನ ಕಡೆಯ ಒಬ್ಬ, ತಾಯಿ ಸತ್ತ ಸುದ್ದಿ ಫೋನಿನಲ್ಲಿ ಕೇಳಿ ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ ಗಾಡಿ ಸಮೇತ ಕೆಳಗೆ ಬಿದ್ದನಂತೆ. ಒಂದೇ ಮನೆಯಿಂದ ಎರಡು ಹೆಣ ಹೋದವಂತೆ. ಇದನ್ನು ಕೇಳಿಕೊಂಡೇ ಸಂಸಾರ ಮಾಡಿದವಳು ನಾನು ಬೇರೆ ಏನು ಮಾಡುತ್ತಿದ್ದೆ? ಇವತ್ತು ಯಾರಾದರೂ ನೀನು ಸುಳ್ಳು ಹೇಳಿದೆ ಎಂದರೆ ಅವರ ಮುಖಕ್ಕೇ ಅನ್ನುತ್ತೇನೆ: ನಿನ್ನ ಗಂಡ ಘಾಟಿನಲ್ಲಿರಲಿ, ಆಮೇಲೆ ನನಗೆ ಬುದ್ಧಿ ಹೇಳು.

"ಪೋರಿ ಹೆಂಗದಾಳ, ತಾರಾ?" ಎಂದು ಗಾಳಿಯ ಸದ್ದಿನಲ್ಲಿ ಜೋರಾಗಿ ಕೇಳಿದರು.

"ಮಲಗ್ಯಾಳ."

"ಏನರ ಉಂಡಳೇನ?"

"ಮಲಗ್ಯಾಳ ಅಂದ್ನೆಲ್ಲ. ಅವಸರ ಮಾಡಬ್ಯಾಡ್ರಿ, ಸಾವಕಾಶ ಬರ್ರಿ."

ನನ್ನ ದನಿ ನಡುಗಲಿಲ್ಲ. ಸುತ್ತ ಕೂತ ಹೆಂಗಸರು ಅಳುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಫೋನು ಇಟ್ಟ ಮೇಲೆ ಮತ್ತೆ ಅಳತೊಡಗಿದರು.

ನಮ್ಮ ಜೈನರಲ್ಲಿ ಹೆಣ ಇಟ್ಟುಕೊಂಡು ಕೂರುವುದಿಲ್ಲ, ಜೀವೋತ್ಪತ್ತಿ ಆಗುತ್ತದೆ ಎನ್ನುತ್ತಾರೆ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಇವರು ಬರುವವರೆಗೆ ಕಾಯೋಣ ಎಂದು ನಾನು ಸೆರಗೊಡ್ಡಿ ಕೇಳಿದೆ. ಹಿರಿಯರು ಮಧ್ಯಾಹ್ನದವರೆಗೆ ಕಾದರು, ಆಮೇಲೆ ಎತ್ತಿದರು. ಕಾಗವಾಡ ರಸ್ತೆಯ ಸುಡುಗಾಡಿಗೆ ಒಯ್ದು ಬೆಂಕಿ ಕೊಟ್ಟು, ಗಂಡಸರೆಲ್ಲ ತಿರುಗಿ ಬಂದು ಸ್ನಾನ ಮಾಡಿ ಅಂಗಳದಲ್ಲಿ ಕೂತಿದ್ದರು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಆಗ ಗೇಟಿನ ಹತ್ತಿರ ಹಾರ್ನು ಕೇಳಿತು. ಉದ್ದಕ್ಕೆ ಒಂದು, ಗಿಡ್ಡ ಎರಡು. ಆ ಉದ್ದದ್ದು ಎಂದೂ ಇಲ್ಲದಷ್ಟು ಉದ್ದವಾಗಿತ್ತು, ಯಾವುದೋ ಮದುವೆಯ ಗಾಡಿ ಬಂದ ಹಾಗೆ.

ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆದರೂ ನಾನು ಎದ್ದು ಅಡಿಗೆಮನೆಗೆ ಹೋಗಿ ಹಂಚಿಗೆ ಕೈ ಹಾಕಿದ್ದೆ. ಕೆಂಚವ್ವ ಹಿಂದೆಯೇ ಬಂದು ನನ್ನ ಕೈ ಹಿಡಿದುಕೊಂಡಳು.

ಇವರು ಬಂದರು. ಅಂಗಳದ ತುಂಬ ಚಪ್ಪಲಿ, ಒದ್ದೆ ತಲೆಯ ಗಂಡಸರು. ಭಾವ ಎದ್ದು ನಿಂತರು. ಇವರು ನನ್ನನ್ನು ನೋಡಿದರು, ನಾನು ನೆಲ ನೋಡಿದೆ. ಯಾರೂ ಏನೂ ಹೇಳಲಿಲ್ಲ. ಹೇಳುವುದು ಏನು ಉಳಿದಿತ್ತು ಎಂದು ಆಗ ನನಗೆ ಅನ್ನಿಸಿತ್ತು. ಇವರು ಕಟ್ಟೆಯ ಮೇಲೆ ತಂಬಿಗೆ ಇಡುವ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ನೀರು ತಂದು ಕಾಲು ತೊಳೆದುಕೊಂಡು ಒಳಗೆ ಬಂದರು. ಅವರ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಲಾರಿಯನ್ನು ಉಗಾರ ಖುರ್ದದ ವಿಠೋಬಾನಿಗೆ ಮಾರಿದರು. ಫ್ಯಾಕ್ಟರಿಯ ಸಕ್ಕರೆ ಹೇರುವ ಮನುಷ್ಯ, ಒಳ್ಳೆಯ ಗಿರಾಕಿ. ಇನ್ನು ಸ್ಟೇರಿಂಗು ಮುಟ್ಟುವುದಿಲ್ಲ ಎಂದು ಹೇಳಿ, ಮನೆಯ ಮುಂದಿನ ಖೋಲಿಯಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಊರವರೆಲ್ಲ ಛಲೋ ಆತು ಎಂದರು. "ತಾರಕ್ಕ, ಗಂಡ ಮನ್ಯಾಗ ಸಿಕ್ಕಾನ ನೋಡು ಈಗ" ಎಂದು ಹೆಂಗಸರು ಚೇಷ್ಟೆ ಮಾಡಿದರು. ನಿಜ, ಮದುವೆಯಾದಾಗಿನಿಂದ ನಾನು ಈ ಮನುಷ್ಯನ ಜೊತೆ ಒಂದು ತಿಂಗಳು ಸತತ ಇದ್ದದ್ದೇ ಇಲ್ಲ. ಎರಡು ಹೊತ್ತು ಎದುರಿಗೆ ಕೂಡಿಸಿ ಉಣ್ಣಿಸಬೇಕೆಂಬ ಆಸೆ ನನಗೂ ಇತ್ತು.

ಆದರೆ ಮನೆಯಲ್ಲಿ ಇದ್ದವರು ಯಾರು? ಗಿರಣಿ ಶುರು ಮಾಡುವ ಮುಂಚೆ ಮೋಟರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಸ್ಟೇರಿಂಗಿಗೆ ಮಾಡುತ್ತಿದ್ದ ಹಾಗೆ. ಹಿಟ್ಟು ಬೀಳುತ್ತಿದ್ದರೆ ಅವರ ಎಡಗೈ ತೊಡೆಯ ಪಕ್ಕದಲ್ಲಿ ಇಲ್ಲದ ಗೇರನ್ನು ಹುಡುಕುತ್ತಿತ್ತು. ಮಾತಾಡಿಸಿದರೆ ಹೂಂ ಎನ್ನುತ್ತಿದ್ದರು, ಕಣ್ಣು ಮಾತ್ರ ದೂರದ ರಸ್ತೆಯ ಮೇಲೆ. ಮಗಳ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದರು. ಅವಳ ಬಟ್ಟೆಬರೆ ನಾನೊಬ್ಬಳೇ ಕೂತು ಮಡಚಿಟ್ಟೆ. ಒಬ್ಬಳೇ ಅತ್ತೆ. ಹೊಟ್ಟೆಯ ಮಗಳು ಹೋದರೆ ಗಂಡ ಹೆಂಡತಿ ಒಬ್ಬರ ಹೆಗಲಿಗೆ ಒಬ್ಬರು ತಲೆಯಿಟ್ಟು ಅಳಬೇಕಲ್ಲ, ಅದು ನನ್ನ ಪಾಲಿಗೆ ಬರಲಿಲ್ಲ.

ಕಬ್ಬಿನ ಹಂಗಾಮು ಶುರುವಾದ ಮೇಲೆ ನಿತಿನ ಆ ಲಾರಿಯ ಡ್ರೈವರ್ ಆದ. ಬೆಳಿಗ್ಗೆ ಉಗಾರದಿಂದ ಸಕ್ಕರೆ ಹೇರಿಕೊಂಡು ಮಿರಜಕ್ಕೆ ಹೋಗಿ, ಮಧ್ಯಾಹ್ನದ ಮೇಲೆ ಖಾಲಿ ಗಾಡಿ ಹೊಡೆದುಕೊಂಡು ಕಾಗವಾಡದ ಕಡೆಯಿಂದ ತಿರುಗಿ ಬರುತ್ತಿದ್ದ. ನಮ್ಮೂರ ಗೇಟಿಗೆ ಬಂದಾಗ ಅದೇ ಹಾರ್ನು, ಅದೇ ರೀತಿ. ಮೊದಲ ಸಲ ಕೇಳಿದಾಗ ನನ್ನ ಕೈ ಹಂಚಿನ ಮೇಲಿತ್ತು, ನಮ್ಮವರು ಬಾಗಿಲಲ್ಲಿದ್ದರು. ಹೀಗೇ ದಿನಾ ನಡೆಯತೊಡಗಿತು.

"ನಿನ್ನ ಗಂಡಗ ಗಾಳಿ ಹಿಡದೈತಿ ತಾರಕ್ಕ, ಒಂದ ದಾರ ಕಟ್ಟಸ" ಎಂದಳು ಕೆಂಚವ್ವ. "ನಿನ್ನ ಬಾಯಿಗೆ ಕಟ್ಟಸ್ತೀನಿ ದಾರ" ಎಂದೆ. ಅಂದೆನೇ ಹೊರತು ಒಳಗೆ ನನಗೂ ಭಯ ಶುರುವಾಗಿತ್ತು.

ಒಂದು ಮಧ್ಯಾಹ್ನ ಹಾರ್ನು ಕೇಳಿ ಹೊರಗೆ ಬಂದರೆ, ಕಟ್ಟೆಯ ಮೇಲೆ ಮಗಳು ಇಡುತ್ತಿದ್ದ ಜಾಗದಲ್ಲಿ ತಂಬಿಗೆ ಇತ್ತು, ತುಂಬಿದ ತಂಬಿಗೆ. ಇವರು ಪಕ್ಕದಲ್ಲಿ ಕೂತಿದ್ದರು.

"ಯಾರ ಇಟ್ಟಾರ ಇದನ್ನ?"

"ನಾನ. ಬಾಳಾ ಇಲ್ಲಲ್ಲ, ಮತ್ತ ಯಾರ ಇಡಬೇಕು? ಬಂದಮ್ಯಾಲೆ ಕಾಲ ತೊಳಕೋಬೇಕಲ್ಲ."

"ಯಾರ ತೊಳಕೋಬೇಕು? ಯಾರ ಕಾಲ?"

"ನನ್ನವು" ಎಂದರು, ಇದೇನು ಕೇಳುತ್ತೀ ಎಂಬಂತೆ.

ಅಷ್ಟು ಸಾಕಾಯಿತು ನನಗೆ. ಇವರನ್ನು ಆ ರಸ್ತೆ ನುಂಗುತ್ತಿದೆ, ಮಗಳು ಹೋದಳು, ಇನ್ನು ಇವರೂ ಹೋಗುತ್ತಾರೆ, ಏನಾದರೂ ಮಾಡಲೇಬೇಕು ಎನ್ನಿಸಿತು. ಇದಕ್ಕೆಲ್ಲ ಆ ದರಿದ್ರ ಹಾರ್ನೇ ಕಾರಣ ಎಂದು ನಿಶ್ಚಯ ಮಾಡಿ, ಮರುದಿನ ಬಸ್ಸು ಹತ್ತಿ ಉಗಾರ ಖುರ್ದಕ್ಕೆ ಹೋದೆ.

ಫ್ಯಾಕ್ಟರಿಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಕಾಕಂಬಿಯ ವಾಸನೆ, ಕಾಲಿಡಲು ಜಾಗವಿಲ್ಲ. ವಿಠೋಬಾ ಚಹಾದಂಗಡಿಯಲ್ಲಿ ಸಿಕ್ಕ. ನಾನು ಹೇಳಿದ್ದು ಕೇಳಿ ದೊಡ್ಡದಾಗಿ ನಕ್ಕ. "ಅಯ್ಯ ವೈನಿ, ನಾ ಆ ಗಾಡಿ ತಗೊಂಡದ್ದ ಹಾರ್ನಿನ ಸಲವಾಗಿ! ಬೇಕಾದ್ರ ಇಂಜಿನ್ ಬಿಚಗೊಂಡ ಹೋಗ್ರಿ." ಆಮೇಲೆ ನನ್ನ ಮುಖ ನೋಡಿ ನಗೆ ನಿಲ್ಲಿಸಿದ. ನಿತಿನ ತಲೆ ತಗ್ಗಿಸಿ ನಿಂತಿದ್ದ.

"ಕಾಕೂ, ನಾ ಉಸ್ತಾದಗ ನಮಸ್ಕಾರ ಹೊಡೀತಿದ್ದೆ. ದಿನಾ ಕಟ್ಟಿ ಮ್ಯಾಲೆ ಬಂದ ಕುಂಡ್ರತಾರ, ಖುಷಿ ಆಗತಾರ ಅಂತ ತಿಳಕೊಂಡಿದ್ದೆ."

"ಖುಷಿ ಆಗತಾರಂತ! ನಿನ್ನ ತಲಿ" ಎಂದು ಬೈದೆ. ಪಾಪ, ಅವನ ತಪ್ಪೇನಿತ್ತು? ಪಾನಾ ತಂದು ಹಾರ್ನು ಬಿಚ್ಚಿ, ಸಕ್ಕರೆಯ ಖಾಲಿ ಚೀಲದಲ್ಲಿ ಸುತ್ತಿ ಕೊಟ್ಟ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಮನೆಗೆ ತಂದು ಗಿರಣಿಯ ಮೂಲೆಯ ದೊಡ್ಡ ಡಬ್ಬಿಯಲ್ಲಿ ಬಚ್ಚಿಟ್ಟೆ.

ಆ ದಿನ ಗಿರಣಿ ನಿಲ್ಲಲಿಲ್ಲ. ಲಾರಿ ಸದ್ದಿಲ್ಲದೆ ಗೇಟು ದಾಟಿ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಇವರು ಹಿಟ್ಟು ತೂಗುತ್ತಿದ್ದರು. ಗೆದ್ದೆ ಎಂದುಕೊಂಡೆ. ಬಿಸಿಲು ಇಳಿಯುವಾಗ ಭಕ್ರಿ ಬಡಿದು, ಎಣ್ಣೆಗಾಯಿ ಬಡಿಸಿ ಕರೆಯಲು ಹೋದರೆ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ತಂಬಿಗೆ.

"ಏಳ್ರಿ, ಹೊತ್ತ ಮುಳಗತೈತಿ. ಉಣ್ಣ ಬರ್ರಿ."

"ತಡಿ. ನಾ ಇನ್ನೂ ಬಂದಿಲ್ಲ."

ಹೊತ್ತು ಮುಳುಗಿತು. ಮುಳುಗಿದ ಮೇಲೆ ನಮ್ಮಲ್ಲಿ ಉಣ್ಣುವುದಿಲ್ಲ. ದಿಲ್ಲಿಯ ರಸ್ತೆಯಲ್ಲೂ ಇವರು ಆ ನೇಮ ಬಿಟ್ಟವರಲ್ಲ. ನೀರು ಕೂಡ ಕುಡಿಯದೆ ಮಲಗಿದರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೆಳಿಗ್ಗೆ ಏನೋ ಎರಡು ತುತ್ತು, ಅಷ್ಟೇ. ಹಾರ್ನು ಇದ್ದಾಗ ದಿನಕ್ಕೊಮ್ಮೆಯಾದರೂ ಬರುತ್ತಿದ್ದ ಮನುಷ್ಯ ಈಗ ಬರುವುದನ್ನೇ ಬಿಟ್ಟಿದ್ದ. ಅಂಗಿಯೊಳಗೆ ಮೈ ಸಣ್ಣಗಾಗುತ್ತ ಹೋಯಿತು. ನನ್ನ ಅಡಿಗೆ ದಿನಾ ಕೆಂಚವ್ವನ ಎಮ್ಮೆಗೆ ಹೋಗುತ್ತಿತ್ತು.

ಕಡೆಗೆ ತಡೆಯಲಾಗಲಿಲ್ಲ. ಒಂದು ಸಂಜೆ ಡಬ್ಬಿಯಿಂದ ಚೀಲ ತೆಗೆದು ಅವರ ಮುಂದೆ ಕುಕ್ಕಿದೆ.

"ತಗೋರಿ! ನಾನ ಬಿಚ್ಚಿಸಿದ್ದು. ಏನ ಮಾಡ್ತೀರಿ ಮಾಡ್ರಿ. ಬೈರಿ, ಹೊಡೀರಿ, ಆದ್ರ ಉಣ್ರಿ."

ಅವರು ಬೈಯಲಿಲ್ಲ. ಹಾರ್ನನ್ನು ತೊಡೆಯ ಮೇಲೆ ತೆಗೆದುಕೊಂಡು, ತುತ್ತೂರಿಯ ಬಾಯಿಗೆ ಹತ್ತಿದ ಹಿಟ್ಟನ್ನು ಟವೆಲ್ಲಿನಿಂದ ಒರೆಸಿದರು. ಚಿಕ್ಕ ಮಕ್ಕಳ ಉಂಡ ಬಾಯಿ ಒರೆಸುತ್ತಾರಲ್ಲ, ಹಾಗೆ. ಒರೆಸುತ್ತಲೇ ಮಾತಾಡಿದರು. ಅಷ್ಟು ದಿನದಲ್ಲಿ ಅವರಾಗಿಯೇ ಮಾತು ತೆಗೆದದ್ದು ಅದೇ ಮೊದಲು.

"ಅವತ್ತ ಸುಡಗಾಡದಾಗ ಒಂದ ಚಿತಿ ಉರೀತಿತ್ತು, ತಾರಾ."

ನಾನು ಅಲ್ಲೇ ಕೆಳಗೆ ಕೂತುಬಿಟ್ಟೆ.

"ಹತ್ರ ಒಬ್ಬರೂ ಇರಲಿಲ್ಲ. ಎಲ್ಲಾರೂ ಹೋಗಿದ್ರು. ಯಾರದೋ ಏನೋ ಅಂದಕೊಂಡು, ಗಾಡಿ ಮ್ಯಾಲಿಂದನ ಎದಿಗೆ ಕೈ ಹಚ್ಚಿ ನಮಸ್ಕಾರ ಮಾಡ್ದೆ. ನಮ್ಮ ಲೈನಿನ್ಯಾಗ ಹೆಣ ಕಂಡ್ರ ಛಲೋ ಶಕುನ ಅಂತಾರ, ನಿನಗ ಗೊತ್ತಲ್ಲ. ಹಿಡದ ಕೆಲಸ ಆಗತೈತಿ ಅಂತಾರ. ನನಗ ಖುಷಿ ಆತು. ಪೋರಿ ಜ್ವರ ಇಳೀತು ಇನ್ನ ಅಂದಕೊಂಡೆ. ಅದಕ್ಕ ಗೇಟಿನಾಗ ಹಾರ್ನ ಅಷ್ಟ ಉದ್ದ ಹೊಡದೆ."

ಟವೆಲ್ಲು ನಿಂತಿತು.

"ಆ ಬೆಂಕಿ ಬಾಜೂಕ ಹಾದ ಬಂದೆ. ನಿಲ್ಲಲಿಲ್ಲ. ಅದರ ಮುಂದಿಂದ ನನಗ ಗೊತ್ತಿಲ್ಲ. ಮನಿಗೆ ಬಂದವರು ಯಾರೋ ಏನೋ. ನಾ ಇನ್ನೂ ಆ ಹಾದ್ಯಾಗ ಅದೀನಿ. ಗೇಟಿನ ತನಕ ಬರತೀನಿ, ಮತ್ತ ಹಿಂದ ಹೋಗತೀನಿ, ಮತ್ತ ಬರತೀನಿ. ಮನಿ ಮುಟ್ಟವಲ್ಲದು."

ಆಗ ನನಗೆ ತಿಳಿಯಿತು. ಇವರಿಗೆ ಯಾರೂ ಹೇಳಿಯೇ ಇಲ್ಲ. ಅಂಗಳದ ಚಪ್ಪಲಿ ನೋಡಿ ತಿಳಿದುಕೊಂಡರು ಎಂದು ನಾವೆಲ್ಲ ಬಿಟ್ಟೆವು. ಮಗಳ ಬಗ್ಗೆ ಇವರು ಕಿವಿಯಾರೆ ಕೇಳಿದ ಕಡೆಯ ಮಾತು ನನ್ನದೇ. ಮಲಗ್ಯಾಳ, ಸಾವಕಾಶ ಬರ್ರಿ. ನಾನು ಹೇಳಿದ ಹಾಗೆಯೇ ಸಾವಕಾಶವಾಗಿ ಬರುತ್ತಿದ್ದರು ಈ ಮನುಷ್ಯ, ಇನ್ನೂ.

ಅಲ್ಲಿಯೇ ಹೇಳಿಬಿಡಲೇ ಎನ್ನಿಸಿತು. ಆದರೆ ಕಟ್ಟೆಯ ಮೇಲೆ ಕೂತವರಿಗೆ ಹೇಳಿ ಏನು ಬಂತು? ಕೇಳಬೇಕಾದವರು ಆ ರಸ್ತೆಯ ಮೇಲಿದ್ದರು. ನಾನು ಒಳಗೆ ಹೋಗಿ ನಿತಿನನಿಗೆ ಫೋನು ಮಾಡಿದೆ.

ಮರುದಿನ ಇವರನ್ನು ಕರೆದುಕೊಂಡು ಕಾಗವಾಡಕ್ಕೆ ಹೋದೆ. ನಿತಿನನ ಗಾಡಿ ಬ್ರೇಕು ಹಿಡಿದಾಗ ಒಂದು ಕಡೆ ಎಳೆಯುತ್ತದಂತೆ, ಉಸ್ತಾದ ಬಂದು ನೋಡಬೇಕಂತೆ ಎಂದು ಹೇಳಿದ್ದೆ. ಇವರಿಗೆ ಗಾಡಿಗೆ ಜಡ್ಡು ಎಂದರೆ ಇಲ್ಲ ಎನ್ನಲು ಬರುವುದಿಲ್ಲ. ಖಾಲಿ ಲಾರಿ ರಸ್ತೆಯ ಪಕ್ಕದಲ್ಲಿ ನಿಂತಿತ್ತು. "ಉಸ್ತಾದ, ಶೇಡಬಾಳ ತನಕ ನೀವ ಹೊಡೀರಿ, ನಿಮಗ ತಿಳೀತೈತಿ" ಎಂದ ನಿತಿನ, ಹಿಂದೆ ಹೋಗಿ ಸರಕು ಹೇರುವ ಜಾಗದಲ್ಲಿ ಹತ್ತಿ ಕೂತ. ನಾನು ಕ್ಯಾಬಿನ್ನಿಗೆ ಹತ್ತಿದೆ. ಮಗಳು ಎಷ್ಟೋ ಸಲ ಕೂತ ಜಾಗ, ನಾನು ಒಮ್ಮೆಯೂ ಕೂತಿರಲಿಲ್ಲ.

ಇವರು ಸ್ಟೇರಿಂಗು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಗಾಡಿ ಹೊರಟಿತು. ಆ ಎಡಗೈಗೆ ಗೇರು ಸಿಕ್ಕಿತು, ಬೆನ್ನು ನೆಟ್ಟಗಾಯಿತು, ವಾರದಿಂದ ಉಣ್ಣದ ಮನುಷ್ಯ ಎಂದರೆ ಯಾರೂ ನಂಬುತ್ತಿರಲಿಲ್ಲ. ಎದುರಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಓಲಾಡುತ್ತ ಬರುತ್ತಿದ್ದವು. ಒಂದೊಂದನ್ನೇ ತಾಳ್ಮೆಯಿಂದ ದಾಟಿಸಿದರು. "ಬ್ರೇಕ ಛಲೋ ಐತೆಲ್ಲ" ಎಂದು ತಮ್ಮಷ್ಟಕ್ಕೆ ಅಂದರು. ತವಂದಿ ಘಾಟು, ಒಂದೇ ಮನೆಯ ಎರಡು ಹೆಣ, ಅತ್ತೆಯ ದನಿ, ಎಲ್ಲ ಒಟ್ಟಿಗೆ ತಲೆಯಲ್ಲಿ ತಿರುಗುತ್ತಿದ್ದವು. ಹಿಂದೆ ನಿತಿನ ಬೇರೆ ಕೂತಿದ್ದಾನೆ, ಎರಡು ಮಕ್ಕಳ ತಂದೆ.

ಕಬ್ಬಿನ ಹೊಲ ಮುಗಿದು ಸುಡುಗಾಡಿನ ತಗಡಿನ ಛಪ್ಪರ ಕಂಡಿತು. ಅವತ್ತು ಅಲ್ಲಿ ಏನೂ ಉರಿಯುತ್ತಿರಲಿಲ್ಲ. ಆದರೂ ಇವರ ಎಡಗೈ ಗೇರು ಬಿಟ್ಟು ಮೇಲೆದ್ದು ಎದೆಗೆ ಹೋಯಿತು. ಹಾಗೆ ಹೋದಾಗಲೇ, ರಸ್ತೆಯಿಂದ ಕಣ್ಣು ತೆಗೆಯದೆ, ಗಾಳಿಯ ಸದ್ದಿನಲ್ಲಿ ಫೋನಿಗೆ ಮಾತಾಡುವ ಹಾಗೆ ಜೋರಾಗಿ ಕೇಳಿದರು.

"ಪೋರಿ ಹೆಂಗದಾಳ, ತಾರಾ?"

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾಲಿಗೆಯ ಮೇಲೆ ಹಳೆಯ ಉತ್ತರವೇ ಬಂದು ಕೂತಿತ್ತು, ಬಾಯಿ ತೆರೆದರೆ ಅದೇ ಬೀಳುತ್ತಿತ್ತು. ಎದುರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದೆ.

"ಮಲಗಿಲ್ಲರಿ" ಎಂದೆ. "ತ್ರಿಶಲಾ ಹೋಗಿಬಿಟ್ಟಳು. ಮುಂಜಾನೆನ ಹೋದಳು. ನಾ ಸುಳ್ಳ ಹೇಳ್ದೆ. ನಮ್ಮ ಪೋರಿ ಸತ್ತಾಳರಿ."

ಗಾಡಿ ಈಗ ಹೊಲಕ್ಕೆ ಹಾರುತ್ತದೆ, ಈಗ ಬೀಳುತ್ತದೆ ಎಂದು ಕಾದೆ. ಕೇಳಿದ್ದು ಟಿಕ್ ಟಿಕ್ ಎಂಬ ಸದ್ದು. ಕಣ್ಣು ಬಿಟ್ಟೆ. ಇಂಡಿಕೇಟರು ಹಾಕಿದ್ದರು. ಕನ್ನಡಿಯಲ್ಲಿ ಹಿಂದೆ ನೋಡಿ, ಕೈ ಹೊರಗೆ ಹಾಕಿ ಹಿಂದಿನ ಟ್ರ್ಯಾಕ್ಟರಿಗೆ ಮುಂದೆ ಹೋಗು ಎಂದು ತೋರಿಸಿ, ಲಾರಿಯನ್ನು ಮೆಲ್ಲಗೆ ಮಣ್ಣಿಗೆ ಇಳಿಸಿ, ಸುಡುಗಾಡಿನ ಎದುರಿಗೇ ನಿಲ್ಲಿಸಿದರು. ಹ್ಯಾಂಡ್ ಬ್ರೇಕು ಎಳೆದರು. ಅಷ್ಟೆಲ್ಲ ಸರಿಯಾಗಿ ಮಾಡಿ ಮುಗಿಸಿದ ಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು "ಬಾಳಾ" ಎಂದು ಅತ್ತರು. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ನಿತಿನ ಹಿಂದಿನಿಂದ ಹಾರಿ ಓಡಿಬಂದವನು, ಬಾಗಿಲಲ್ಲಿ ನೋಡಿ ಹಾಗೆಯೇ ಹಿಂದೆ ಸರಿದ.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು, ರಸ್ತೆಯ ಮೇಲೆ ಹೋಗುವವರು ನೋಡಿದರೆ ನೋಡಲಿ ಎಂದು.

ಬಹಳ ಹೊತ್ತಿನ ಮೇಲೆ ಅವರು ತಲೆಯೆತ್ತಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಛಪ್ಪರದ ಕಡೆ ನೋಡಿದರು. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಅವತ್ತ ಹೇಳಿದ್ರೂ ಹಿಂಗ ಸೈಡಿಗೆ ಹಾಕತಿದ್ದೆ, ತಾರಾ" ಎಂದರು. "ಸೈಡಿಗೆ ಹಾಕಿ, ಅತ್ತು, ಮತ್ತ ಬರತಿದ್ದೆ. ಬಂದು ಇಲ್ಲೆ ಇಳೀತಿದ್ದೆ."

ಬಾಗಿಲು ತೆಗೆದು ಇಳಿದು ಹೋದರು. ಚಪ್ಪಲಿ ಕಳಚಿ ಛಪ್ಪರದ ಕೆಳಗೆ ನೆಲದ ಮೇಲೆ ಕೂತರು. ನನಗೆ ಅವರ ಹಿಂದೆ ಹೋಗಬೇಕೆನ್ನಿಸಿತು, ಆದರೆ ಕ್ಯಾಬಿನ್ನಿನಲ್ಲೇ ಕೂತೆ. ಇಂಡಿಕೇಟರು ಇನ್ನೂ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ಹೇಗೆ ಆರಿಸುತ್ತಾರೋ ನನಗೆ ಗೊತ್ತಿರಲಿಲ್ಲ.